ಸಸ್ಪೆಂಡ್ ಹೊತ್ತಿಗೆ ಡ್ರೈವರ್‌ನ ವರ್ಕ್ ನಿಲ್ಲಿಸುವುದು, ರಿಸ್ಯೂಮ್‌ನಲ್ಲಿ ಮತ್ತೆ ಹೊರಡಿಸುವುದು: ಲಿನಕ್ಸ್ ಡ್ರೈವರ್ ಬರೆಯುವವರಿಗೆ ಸಮಗ್ರ ಮಾರ್ಗದರ್ಶಿ

ಲಿನಕ್ಸ್ ಡ್ರೈವರ್ ಬರೆಯುವವರು ಮತ್ತೆ ಮತ್ತೆ ಸಿಕ್ಕಿಬೀಳುವ ಜಾಗ ಒಂದಿದೆ. ಡ್ರೈವರ್ ಲೋಡ್ ಆಗುತ್ತದೆ, ಡೇಟಾ ಬರುತ್ತದೆ, ಇಡೀ ದಿನ ಓಡಿಸಿದರೂ ತೊಂದರೆ ಇಲ್ಲ. ಬೋರ್ಡ್ ಸಸ್ಪೆಂಡ್ ಮಾಡಿ (ಅಂದರೆ ಮಲಗಿಸಿ) ಎಬ್ಬಿಸಿದರೆ (ರಿಸ್ಯೂಮ್) ಮಾತ್ರ ಹತ್ತರಲ್ಲಿ ಒಂದು ಸಲ ಡಿವೈಸ್ ಸತ್ತಿರುತ್ತದೆ, ಅಥವಾ ಇಡೀ ಸಿಸ್ಟಂ ಹ್ಯಾಂಗ್ ಆಗಿರುತ್ತದೆ. ಕೋಡ್ ತೆಗೆದು ನೋಡಿದರೆ ಸಸ್ಪೆಂಡ್ ಫಂಕ್ಷನ್‌ನಲ್ಲಿ ವರ್ಕ್ (ಆಮೇಲೆ ಓಡಿಸಲು ಕ್ಯೂನಲ್ಲಿ ಹಾಕಿಟ್ಟ ಕೆಲಸ) ಕ್ಯಾನ್ಸಲ್ ಮಾಡುವ ಸಾಲು ಇದ್ದೇ ಇರುತ್ತದೆ. ಆದರೂ ಕೆಟ್ಟಿದೆ. ಯಾಕೆ?

ಹೆಚ್ಚಿನ ಸಲ ಉತ್ತರ ಒಂದೇ. ವರ್ಕ್ ಕ್ಯಾನ್ಸಲ್ ಮಾಡಿದ್ದಾರೆ, ಆ ವರ್ಕನ್ನು ಕ್ಯೂಗೆ ಹಾಕುವವರನ್ನು ನಿಲ್ಲಿಸಿಲ್ಲ. ನಲ್ಲಿ ಕಟ್ಟದೆ ನೆಲ ಒರೆಸಿದ ಹಾಗೆ. ಹಾಗಾಗಿ ಈ ಬರಹದ ತುಂಬ ಒತ್ತು ಇರುವುದು ಕ್ರಮದ ಮೇಲೆ: ಮೊದಲು ಮೂಲ, ಆಮೇಲೆ ವರ್ಕ್, ಕೊನೆಗೆ ಹಾರ್ಡ್‌ವೇರ್. ಎದ್ದಾಗ ಇದರ ಉಲ್ಟಾ.

ಉದಾಹರಣೆಗೆ ಒಂದು ಡಿವೈಸ್ ಇಟ್ಟುಕೊಳ್ಳೋಣ. ಐ2ಸಿ ಬಸ್ಸಿನ (ಚಿಪ್‌ಗಳನ್ನು ಜೋಡಿಸುವ ಎರಡು ತಂತಿಯ ದಾರಿ) ಮೇಲೆ ಕೂತಿರುವ, ಚಾರ್ಜ್ ಅಳೆಯುವ ಬ್ಯಾಟರಿ ಗೇಜ್ ಚಿಪ್. ಅದಕ್ಕೆ ಒಂದು ಇಂಟರಪ್ಟ್ ಲೈನ್ (ಏನಾದರೂ ಆದಾಗ ಸಿಪಿಯುವಿಗೆ ಸುದ್ದಿ ಮುಟ್ಟಿಸುವ ತಂತಿ) ಇದೆ. ಕೆಲವು ಸೆಕೆಂಡಿಗೊಮ್ಮೆ ಚಾರ್ಜ್ ಓದುವ ಒಂದು ಡಿಲೇಡ್ ವರ್ಕ್ (ಹೇಳಿದಷ್ಟು ಹೊತ್ತು ಕಳೆದ ಮೇಲೆ ಓಡುವ ವರ್ಕ್) ಇದೆ. ಬ್ಯಾಟರಿ ತೀರಾ ಇಳಿದರೆ ಸಿಸ್ಟಂ ಎಬ್ಬಿಸುವ ಜವಾಬ್ದಾರಿಯೂ ಇದೆ. ಸಣ್ಣ ಡ್ರೈವರ್, ಆದರೆ ಬಹುಪಾಲು ತೊಂದರೆಗಳು ಇದರಲ್ಲೇ ಕಾಣಿಸುತ್ತವೆ.

ಕರ್ನಲ್ ಫಂಕ್ಷನ್‌ಗಳ ಹೆಸರನ್ನು ಉಚ್ಚಾರಣೆಯಂತೆ ಕನ್ನಡದಲ್ಲೇ ಬರೆದಿದ್ದೇನೆ. ಅಡಿಗೆರೆ ಎಲ್ಲಿದೆಯೋ ಸೋರ್ಸ್ ಕೋಡಿನಲ್ಲೂ ಅಲ್ಲೇ ಇದೆ.

## ಶುರು ಮಾಡುವ ಮುಂಚೆ ಬೇಕಾದವು

ಮೊದಲನೆಯದು ಸೀರಿಯಲ್ ಕನ್ಸೋಲ್. ಇದಿಲ್ಲದೆ ಸಸ್ಪೆಂಡ್ ತೊಂದರೆ ಹುಡುಕುವುದು ಬಹಳ ಕಷ್ಟ, ಏಕೆಂದರೆ ಸ್ಕ್ರೀನ್ ಮತ್ತು ನೆಟ್‌ವರ್ಕ್ ಎರಡೂ ನಿಮ್ಮ ಡಿವೈಸ್ ಜೊತೆಗೇ ಮಲಗುತ್ತವೆ. ಕರ್ನಲ್ ಕಮಾಂಡ್ ಲೈನಿಗೆ ನೋ_ಕನ್ಸೋಲ್_ಸಸ್ಪೆಂಡ್ ಸೇರಿಸಿ. ಆಗ ಕೊನೆಯ ಗಳಿಗೆಯವರೆಗೂ ಲಾಗ್ ಬರುತ್ತದೆ.

ಕರ್ನಲ್ ಕಾನ್ಫಿಗ್‌ನಲ್ಲಿ ನಾಲ್ಕು ಆಯ್ಕೆ ಆನ್ ಮಾಡಿಕೊಳ್ಳಿ. ಪಿಎಂ_ಡೀಬಗ್ ಇದ್ದರೆ ಸಸ್ಪೆಂಡನ್ನು ಹಂತ ಹಂತವಾಗಿ ಪರೀಕ್ಷಿಸಬಹುದು. ಪ್ರೂವ್_ಲಾಕಿಂಗ್ ಇದ್ದರೆ ಕರ್ನಲ್‌ನ ಲಾಕ್ ಪರೀಕ್ಷಕ ಲಾಕ್‌ಡೆಪ್, ಡೆಡ್‌ಲಾಕ್ (ಇಬ್ಬರೂ ಒಬ್ಬರಿಗೊಬ್ಬರು ಕಾದು ನಿಂತುಬಿಡುವುದು) ಸಾಧ್ಯತೆಯನ್ನು ಮುಂಚೆಯೇ ಹೇಳುತ್ತದೆ. ಡಿಪಿಎಂ_ವಾಚ್‌ಡಾಗ್ ಇದ್ದರೆ ಯಾವುದಾದರೂ ಡ್ರೈವರ್ ಕಾಲ್‌ಬ್ಯಾಕ್ (ಮಲಗುವಾಗ, ಏಳುವಾಗ ಕರ್ನಲ್ ಕರೆಯುವ ಡ್ರೈವರ್‌ನ ಫಂಕ್ಷನ್) ಸಿಕ್ಕಿಹಾಕಿಕೊಂಡಾಗ ಸ್ಟ್ಯಾಕ್ ತೋರಿಸಿ ಪ್ಯಾನಿಕ್ ಆಗುತ್ತದೆ. ಇದರ ಡಿಫಾಲ್ಟ್ ಸಮಯ 120 ಸೆಕೆಂಡ್. ಡೀಬಗ್ ಬಿಲ್ಡ್‌ನಲ್ಲಿ ಇನ್ನೂ ಕಡಿಮೆ ಇಟ್ಟುಕೊಂಡರೆ ಕಾಯುವುದು ತಪ್ಪುತ್ತದೆ. ಡೀಬಗ್_ಆಬ್ಜೆಕ್ಟ್ಸ್_ವರ್ಕ್ ಇದ್ದರೆ, ಕ್ಯೂನಲ್ಲಿರುವ ವರ್ಕ್‌ನ ಮೆಮೊರಿಯನ್ನು ಯಾರಾದರೂ ಬಿಡುಗಡೆ ಮಾಡಿದಾಗ ಗೊತ್ತಾಗುತ್ತದೆ.

ಇವುಗಳ ಜೊತೆಗೆ ಆರ್‌ಟಿಸಿವೇಕ್ ಅನ್ನುವ ಕಮಾಂಡ್. ಬೋರ್ಡನ್ನು ಮಲಗಿಸಿ, ಹೇಳಿದಷ್ಟು ಸೆಕೆಂಡ್ ಆದಮೇಲೆ ತಾನೇ ಎಬ್ಬಿಸುತ್ತದೆ.

## ಹಂತ 1: ಕರ್ನಲ್ ಯಾವ ಕ್ರಮದಲ್ಲಿ ಮಲಗುತ್ತದೆ ಎಂದು ತಿಳಿದುಕೊಳ್ಳಿ

ಸಸ್ಪೆಂಡ್ ಅಂದರೆ ಎಲ್ಲವೂ ಒಟ್ಟಿಗೆ ನಿಲ್ಲುವುದಲ್ಲ. ಕ್ರಮ ಹೀಗಿದೆ:

1. ಪಿಎಂ (ಪವರ್ ಮ್ಯಾನೇಜ್‌ಮೆಂಟ್) ನೋಟಿಫೈಯರ್‌ಗಳಿಗೆ ಸುದ್ದಿ ಹೋಗುತ್ತದೆ.
2. ಬಳಕೆದಾರರ ಪ್ರೋಗ್ರಾಂಗಳು ಫ್ರೀಜ್ ಆಗುತ್ತವೆ (ಇದ್ದಲ್ಲೇ ನಿಲ್ಲುತ್ತವೆ).
3. ಫ್ರೀಜ್ ಆಗಲು ಒಪ್ಪಿರುವ ಕರ್ನಲ್ ಥ್ರೆಡ್‌ಗಳು ಮತ್ತು ಫ್ರೀಜಬಲ್ (ಹೀಗೆ ಫ್ರೀಜ್ ಮಾಡಬಹುದಾದ) ವರ್ಕ್‌ಕ್ಯೂಗಳು ನಿಲ್ಲುತ್ತವೆ.
4. ಪ್ರತಿ ಡಿವೈಸಿನ ಪ್ರಿಪೇರ್, ಸಸ್ಪೆಂಡ್, ಸಸ್ಪೆಂಡ್ ಲೇಟ್ ಕಾಲ್‌ಬ್ಯಾಕ್‌ಗಳು ಓಡುತ್ತವೆ. ಸಸ್ಪೆಂಡ್ ಮತ್ತು ಸಸ್ಪೆಂಡ್ ಲೇಟ್‌ನಲ್ಲಿ ಮಗು ಡಿವೈಸ್ (ನಮ್ಮ ಗೇಜ್) ಮೊದಲು, ತಾಯಿ ಡಿವೈಸ್ (ಅದರ ಐ2ಸಿ ಕಂಟ್ರೋಲರ್) ಆಮೇಲೆ. ಪ್ರಿಪೇರ್‌ನಲ್ಲಿ ಮಾತ್ರ ತಾಯಿ ಮೊದಲು.
5. ಡಿವೈಸ್ ಇಂಟರಪ್ಟ್‌ಗಳನ್ನು ಕರ್ನಲ್ಲೇ ನಿಲ್ಲಿಸುತ್ತದೆ.
6. ನೋಐಆರ್‌ಕ್ಯೂ (ಇಂಟರಪ್ಟ್ ನಿಂತ ಮೇಲಿನ) ಕಾಲ್‌ಬ್ಯಾಕ್‌ಗಳು ಓಡುತ್ತವೆ.
7. ಡೀಪ್ ಸ್ಲೀಪ್ ಆದರೆ, ಒಂದು ಬಿಟ್ಟು ಉಳಿದ ಸಿಪಿಯುಗಳು ಆಫ್ ಆಗಿ ಸಿಸ್ಟಂ ಮಲಗುತ್ತದೆ.

ಇಲ್ಲಿ ಗಟ್ಟಿಯಾಗಿ ನೆನಪಿಡಬೇಕಾದ್ದು ಎರಡು. ಒಂದು, ಮೂರನೇ ಮೆಟ್ಟಿಲಲ್ಲಿ ನಿಲ್ಲುವುದು ಫ್ರೀಜಬಲ್ ಕ್ಯೂ ಮಾತ್ರ. ಶೆಡ್ಯೂಲ್_ವರ್ಕ್ ಕರೆದಾಗ ಹೋಗುವ ಸಾಮಾನ್ಯ ಸಿಸ್ಟಂ ಕ್ಯೂ ನಿಲ್ಲುವುದಿಲ್ಲ. ನಿಮ್ಮ ಸಸ್ಪೆಂಡ್ ಕಾಲ್‌ಬ್ಯಾಕ್ ಮುಗಿದ ಮೇಲೂ ಅದರಲ್ಲಿನ ವರ್ಕ್ ಓಡಬಹುದು. "ಯೂಸರ್ ಸ್ಪೇಸ್ ಫ್ರೀಜ್ ಆಗಿದೆಯಲ್ಲ, ಇನ್ಯಾರು ಡ್ರೈವರ್ ಮುಟ್ಟುತ್ತಾರೆ" ಅನ್ನುವ ನಂಬಿಕೆ ಕೈಕೊಡುವುದು ಇಲ್ಲೇ.

ಎರಡು, ನಿಮ್ಮ ಸಸ್ಪೆಂಡ್ ಕಾಲ್‌ಬ್ಯಾಕ್ ಓಡುವುದು ನಾಲ್ಕನೇ ಮೆಟ್ಟಿಲಲ್ಲಿ, ಇಂಟರಪ್ಟ್ ನಿಲ್ಲುವುದು ಐದರಲ್ಲಿ. ನಡುವೆ ಒಂದು ಕಿಂಡಿ ಉಳಿಯುತ್ತದೆ. ಡಿವೈಸ್ ಪವರ್ ಆಫ್ ಆಗಿದ್ದರೂ ಇಂಟರಪ್ಟ್ ಹ್ಯಾಂಡ್ಲರ್ (ಇಂಟರಪ್ಟ್ ಬಂದಾಗ ಓಡುವ ಫಂಕ್ಷನ್) ಓಡಬಹುದಾದ ಸಮಯ ಅದು. ಹತ್ತರಲ್ಲಿ ಒಂದು ಸಲ ಮಾತ್ರ ಕಾಣುವ ತೊಂದರೆಗಳು ಜಾಸ್ತಿ ಹುಟ್ಟುವುದು ಈ ಕಿಂಡಿಯಲ್ಲೇ.

## ಹಂತ 2: ವರ್ಕ್ ಎಲ್ಲಿಂದೆಲ್ಲ ಕ್ಯೂಗೆ ಬೀಳುತ್ತದೆ, ಪಟ್ಟಿ ಮಾಡಿ

ಕೋಡ್ ಬರೆಯುವ ಮುಂಚೆ ಡ್ರೈವರ್ ಫೈಲಿನಲ್ಲಿ ಶೆಡ್ಯೂಲ್_ವರ್ಕ್, ಕ್ಯೂ_ವರ್ಕ್, ಶೆಡ್ಯೂಲ್_ಡಿಲೇಡ್_ವರ್ಕ್, ಕ್ಯೂ_ಡಿಲೇಡ್_ವರ್ಕ್, ಮಾಡ್_ಡಿಲೇಡ್_ವರ್ಕ್ ಇವಿಷ್ಟನ್ನೂ ಗ್ರೆಪ್ ಮಾಡಿ (ಹುಡುಕಿ). ಪ್ರತಿ ಕರೆ ಯಾವ ಸಂದರ್ಭದಿಂದ ಬರುತ್ತದೆ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಉಳಿದ ಹಂತಗಳೆಲ್ಲ ಈ ಹಾಳೆಯ ಮೇಲೇ ನಿಂತಿವೆ.

ನಮ್ಮ ಬ್ಯಾಟರಿ ಗೇಜ್‌ನಲ್ಲಿ ಮೂಲಗಳು ಇಷ್ಟು: ಇಂಟರಪ್ಟ್ ಹ್ಯಾಂಡ್ಲರ್ ವರ್ಕ್ ಹಾಕುತ್ತದೆ. ವರ್ಕ್ ಮುಗಿಯುವಾಗ ಮುಂದಿನ ಸರದಿಗೆ ತನ್ನನ್ನು ತಾನೇ ಹಾಕಿಕೊಳ್ಳುತ್ತದೆ. ಸಿಸ್ಎಫ್ಎಸ್ (ಕರ್ನಲ್ ಸೆಟ್ಟಿಂಗ್‌ಗಳನ್ನು ಫೈಲ್‌ಗಳಾಗಿ ತೋರಿಸುವ ಜಾಗ) ಫೈಲಿಗೆ ಬರೆದಾಗ ಒಂದು ಸಲ ಬೀಳುತ್ತದೆ. ಚಾರ್ಜರ್ ಡ್ರೈವರ್ ಕಡೆಯಿಂದ ಪವರ್ ಸಪ್ಲೈ ಬದಲಾಯಿತು ಎಂಬ ಕರೆ ಬಂದಾಗ ಇನ್ನೊಂದು ಸಲ.

ಈ ಕೊನೆಯದನ್ನು ಬಹಳ ಜನ ಮರೆಯುತ್ತಾರೆ. ಸಿಸ್ಎಫ್ಎಸ್ ಮೂಲಕ ಬರುವವರು ಫ್ರೀಜ್ ಆಗಿರುತ್ತಾರೆ, ಸರಿ. ಆದರೆ ಬೇರೆ ಡ್ರೈವರ್ ನಿಮ್ಮನ್ನು ಕರೆಯುವ ದಾರಿ ತೆರೆದೇ ಇರುತ್ತದೆ. ಆ ಡ್ರೈವರ್ ನಿಮಗಿಂತ ಆಮೇಲೆ ಮಲಗುವುದಾದರೆ, ನೀವು ಮಲಗಿದ ಮೇಲೂ ಕರೆ ಬರಬಹುದು.

## ಹಂತ 3: ವರ್ಕ್‌ಗೆ ಸರಿಯಾದ ಕ್ಯೂ ಆರಿಸಿ

ಸುಮ್ನೆ ಏನೋ ಓದುವ, ತಡವಾದರೂ ನಡೆಯುವ ಕೆಲಸ ಆದರೆ ಫ್ರೀಜಬಲ್ ಕ್ಯೂ ಚೆನ್ನ. ಸಿಸ್ಟಂ_ಫ್ರೀಜಬಲ್_ಡಬ್ಲ್ಯೂಕ್ಯೂ ಈಗಾಗಲೇ ಇದೆ. ಸ್ವಂತ ಕ್ಯೂ ಬೇಕಾದರೆ ಡಬ್ಲ್ಯೂಕ್ಯೂ_ಫ್ರೀಜಬಲ್ ಫ್ಲ್ಯಾಗ್ ಹಾಕಿ ಮಾಡಿಕೊಳ್ಳಿ. ಡಿವೈಸ್‌ಗಳು ಮಲಗಲು ಶುರು ಮಾಡುವ ಮೊದಲೇ ಇದರಲ್ಲಿ ಓಡುತ್ತಿರುವ ವರ್ಕ್ ಮುಗಿಯುತ್ತದೆ. ಹೊಸದು ಬಂದರೆ ಕ್ಯೂನಲ್ಲಿ ಕಾಯುತ್ತದೆ, ಓಡುವುದಿಲ್ಲ.

ಇಷ್ಟು ಸುಲಭ ಆದರೆ ಎಲ್ಲದಕ್ಕೂ ಇದನ್ನೇ ಬಳಸಬಹುದಲ್ವಾ? ಇಲ್ಲ. ಮೂರು ಕಡೆ ಇದು ತಿರುಗಿ ಬೀಳುತ್ತದೆ.

ಒಂದು. ಫ್ರೀಜ್ ಆದ ಕ್ಯೂನಲ್ಲಿ ಕಾಯುತ್ತಿರುವ ವರ್ಕ್ ಮೇಲೆ ಸಸ್ಪೆಂಡ್ ಕಾಲ್‌ಬ್ಯಾಕ್‌ನಿಂದ ಫ್ಲಶ್_ವರ್ಕ್ ಕರೆದರೆ ಅಲ್ಲಿಗೆ ಮುಗಿಯಿತು. ಫ್ಲಶ್ ಅಂದರೆ ವರ್ಕ್ ಓಡಿ ಮುಗಿಯುವವರೆಗೆ ಕಾಯುವುದು. ಕ್ಯೂ ಕರಗುವುದು ರಿಸ್ಯೂಮ್ ಆದಮೇಲೆ. ರಿಸ್ಯೂಮ್ ಬರುವುದಕ್ಕೆ ಸಸ್ಪೆಂಡ್ ಮುಗಿಯಬೇಕು. ಅದು ಮುಗಿಯುವುದೇ ಇಲ್ಲ. ಇಂಥ ಕಡೆ ಸಿಂಕ್ ಕ್ಯಾನ್ಸಲ್ (4.4ರಲ್ಲಿ ಬರುವ ಕ್ಯಾನ್ಸಲ್_ವರ್ಕ್_ಸಿಂಕ್) ಬಳಸಿ. ಕಾಯುತ್ತಿರುವ ವರ್ಕನ್ನು ಅದು ಓಡಿಸದೆ ಹೊರಗೆ ಎಳೆಯುತ್ತದೆ.

ಎರಡು. ರಿಸ್ಯೂಮ್ ಕಾಲ್‌ಬ್ಯಾಕ್‌ನಲ್ಲಿ ಫ್ರೀಜಬಲ್ ಕ್ಯೂಗೆ ಕೆಲಸ ಹಾಕಿ, ಅದು ಮುಗಿಯಲಿ ಎಂದು ಅಲ್ಲೇ ಕಾಯಬೇಡಿ. ಎಲ್ಲ ಡಿವೈಸ್‌ಗಳ ರಿಸ್ಯೂಮ್ ಮುಗಿದ ಮೇಲಷ್ಟೇ ಈ ಕ್ಯೂಗಳು ಕರಗುತ್ತವೆ.

ಮೂರು. ಸಸ್ಪೆಂಡ್ ನಡೆಯುವಾಗಲೂ ಬೇರೆಯವರಿಗೆ ಬೇಕಾಗುವ ಕೆಲಸವನ್ನು ಫ್ರೀಜಬಲ್ ಕ್ಯೂಗೆ ಹಾಕಬೇಡಿ. ಸ್ಟೋರೇಜ್ ದಾರಿಯಲ್ಲಿರುವ ವರ್ಕ್ ಇದಕ್ಕೆ ಒಳ್ಳೆಯ ಉದಾಹರಣೆ. ಬೇರೆ ಡ್ರೈವರ್ ತನ್ನ ಸಸ್ಪೆಂಡ್‌ನಲ್ಲಿ ನಿಮ್ಮ ಉತ್ತರಕ್ಕೆ ಕಾಯುತ್ತಿದ್ದರೆ ಇಬ್ಬರೂ ನಿಂತುಬಿಡುತ್ತೀರಿ.

ಇನ್ನೊಂದು ಮಾತು. ಫ್ರೀಜಬಲ್ ಕ್ಯೂನಲ್ಲಿ ಉದ್ದದ ಕೆಲಸ ಇಡಬೇಡಿ. ಫ್ರೀಜ್ ಆಗಲು ಕರ್ನಲ್ ಕೊಡುವ ಸಮಯ ಡಿಫಾಲ್ಟ್ ಆಗಿ 20 ಸೆಕೆಂಡ್. ಅಷ್ಟರೊಳಗೆ ವರ್ಕ್ ಮುಗಿಯದಿದ್ದರೆ ಸಸ್ಪೆಂಡ್ ರದ್ದಾಗುತ್ತದೆ. ಲಾಗ್‌ನಲ್ಲಿ ‘ಡಬ್ಲ್ಯೂಕ್ಯೂ_ಬಿಝಿ=1’ ಎಂದು ಬಂದರೆ ಫ್ರೀಜಬಲ್ ಕ್ಯೂನಲ್ಲಿ ಯಾರೋ ಕೂತಿದ್ದಾರೆ ಎಂದರ್ಥ. ಸೊನ್ನೆ ಬಂದರೆ ಬೇರೆ ಕಡೆ ಹುಡುಕಿ.

ನನ್ನ ಅಭಿಪ್ರಾಯ ಕೇಳಿದರೆ: ಪೋಲಿಂಗ್ ವರ್ಕ್ (ಆಗಾಗ ಚಿಪ್ ಓದುವ ವರ್ಕ್) ಫ್ರೀಜಬಲ್ ಕ್ಯೂನಲ್ಲಿರಲಿ. ಹಾಗಿದ್ದರೂ ನಾಲ್ಕನೇ ಹಂತದ ಕ್ರಮವನ್ನು ಪೂರ್ತಿ ಪಾಲಿಸಿ. ಕ್ಯೂ ಫ್ರೀಜ್ ಆಗುವುದು ಹೆಚ್ಚಿನ ರಕ್ಷಣೆ ಮಾತ್ರ. ಅದನ್ನೇ ನಂಬಿ ಕೂತರೆ ನಾಳೆ ಯಾರಾದರೂ ಕ್ಯೂ ಬದಲಾಯಿಸಿದ ದಿನ ಡ್ರೈವರ್ ಕೆಡುತ್ತದೆ.

## ಹಂತ 4: ಸಸ್ಪೆಂಡ್ ಕಾಲ್‌ಬ್ಯಾಕ್ ಬರೆಯುವ ಕ್ರಮ

ಇಡೀ ಮಾರ್ಗದರ್ಶಿಯ ಮುಖ್ಯ ಭಾಗ ಇದು. ಒಂದೊಂದೇ ನೋಡೋಣ.

### 4.1 ಡಿವೈಸ್ ಎಚ್ಚರವಿದೆಯೇ ನೋಡಿ

ಸಿಸ್ಟಂ ಸಸ್ಪೆಂಡ್ ಬರುವ ಹೊತ್ತಿಗೆ ನಿಮ್ಮ ಡಿವೈಸ್ ರನ್‌ಟೈಮ್ ಪಿಎಂ (ಸಿಸ್ಟಂ ಎಚ್ಚರವಿದ್ದಾಗಲೂ ಬಿಡುವಿರುವ ಡಿವೈಸನ್ನು ಮಲಗಿಸುವ ವ್ಯವಸ್ಥೆ) ಕಡೆಯಿಂದ ಆಗಲೇ ಮಲಗಿರಬಹುದು. ಕ್ಲಾಕ್ ಇಲ್ಲದ ರಿಜಿಸ್ಟರ್ ಮುಟ್ಟಿದರೆ ಹಲವು ಆರ್ಮ್ ಚಿಪ್‌ಗಳಲ್ಲಿ ಎಕ್ಸ್‌ಟರ್ನಲ್ ಅಬಾರ್ಟ್ ಬಂದು ಕರ್ನಲ್ ಬೀಳುತ್ತದೆ. ಪಿಸಿಐ ಡಿವೈಸ್ ಆದರೆ ಓದಿದ್ದೆಲ್ಲ ಬರೀ ಎಫ್‌ಗಳಾಗಿ ಬರುತ್ತದೆ.

ರಿಜಿಸ್ಟರ್ ಮುಟ್ಟಬೇಕಾದರೆ ಮೊದಲು ಪಿಎಂ_ರನ್‌ಟೈಮ್_ರಿಸ್ಯೂಮ್_ಅಂಡ್_ಗೆಟ್ ಕರೆದು ಎಬ್ಬಿಸಿ, ಆದಮೇಲೆ ಅದು ಹೆಚ್ಚಿಸಿದ ಬಳಕೆಯ ಎಣಿಕೆಯನ್ನು ಸರಿಯಾಗಿ ಇಳಿಸಿ. ಸಿಸ್ಟಂ ಸಸ್ಪೆಂಡ್‌ಗೂ ರನ್‌ಟೈಮ್ ಸಸ್ಪೆಂಡ್‌ಗೂ ಒಂದೇ ಕೆಲಸ ಸಾಕು ಎಂದಿದ್ದರೆ ಪಿಎಂ_ರನ್‌ಟೈಮ್_ಫೋರ್ಸ್_ಸಸ್ಪೆಂಡ್ ಇದೆ. ಆಗಲೇ ಮಲಗಿರುವ ಡಿವೈಸನ್ನು ಅದು ಮುಟ್ಟುವುದಿಲ್ಲ.

### 4.2 ‘ಮಲಗುತ್ತಿದ್ದೇನೆ’ ಎಂಬ ಫ್ಲ್ಯಾಗ್ ಎತ್ತಿ

ಡ್ರೈವರ್‌ನ ಸ್ವಂತ ಸ್ಟ್ರಕ್ಟ್‌ನಲ್ಲಿ ಒಂದು ಬೂಲಿಯನ್ ಇಡಿ. ಅದನ್ನು ಲಾಕ್ ಹಿಡಿದು ಸೆಟ್ ಮಾಡಿ, ಲಾಕ್ ಬಿಡಿ. ವರ್ಕ್ ಹಾಕುವ ಪ್ರತಿಯೊಂದು ಜಾಗದಲ್ಲೂ ಅದೇ ಲಾಕ್ ಹಿಡಿದು ಫ್ಲ್ಯಾಗ್ ನೋಡಬೇಕು. ಅಂಥ ಜಾಗಗಳಲ್ಲಿ ಒಂದಾದರೂ ಹಾರ್ಡ್ ಇಂಟರಪ್ಟ್ ಹ್ಯಾಂಡ್ಲರ್ ಆಗಿದ್ದರೆ ಸ್ಪಿನ್‌ಲಾಕ್ (ನಿದ್ದೆ ಮಾಡದೆ ಕಾಯುವ ಲಾಕ್) ಬೇಕು, ನಿದ್ದೆ ಮಾಡಿ ಕಾಯುವ ಮ್ಯೂಟೆಕ್ಸ್ ನಡೆಯುವುದಿಲ್ಲ.

ಫ್ಲ್ಯಾಗ್ ನೋಡುವುದೂ ಕ್ಯೂಗೆ ಹಾಕುವುದೂ ಒಂದೇ ಲಾಕ್ ಒಳಗೆ ಆಗಬೇಕು. ನೋಡಿದ ಮೇಲೆ ಲಾಕ್ ಬಿಟ್ಟು ಆಮೇಲೆ ಹಾಕಿದರೆ ನಡುವೆ ಸಸ್ಪೆಂಡ್ ನುಸುಳುತ್ತದೆ. ಆಗ ಫ್ಲ್ಯಾಗ್ ಇದ್ದೂ ಇಲ್ಲದಂತೆ.

ಕರ್ನಲ್ 6.10 ಅಥವಾ ಅದಕ್ಕಿಂತ ಹೊಸದಿದ್ದರೆ ಇದಕ್ಕೊಂದು ಒಳ್ಳೆಯ ಸೌಲಭ್ಯ ಇದೆ: ಡಿಸೇಬಲ್_ವರ್ಕ್_ಸಿಂಕ್ ಮತ್ತು ಡಿಸೇಬಲ್_ಡಿಲೇಡ್_ವರ್ಕ್_ಸಿಂಕ್. ವರ್ಕ್ ಕ್ಯಾನ್ಸಲ್ ಮಾಡಿ, ಓಡುತ್ತಿದ್ದರೆ ಕಾದು, ಮುಂದೆ ಯಾರು ಹಾಕಿದರೂ ಕ್ಯೂ ಒಪ್ಪದಂತೆ ಇವು ಮಾಡುತ್ತವೆ. ಹೊಸ ಡ್ರೈವರ್ ಆದರೆ ಇದನ್ನೇ ಬಳಸಿ. ಒಂದೇ ಷರತ್ತು, ಇದು ಎಣಿಕೆ ಇಡುತ್ತದೆ. ಎಷ್ಟು ಸಲ ಡಿಸೇಬಲ್ ಮಾಡಿದಿರೋ ಅಷ್ಟೇ ಸಲ ಎನೇಬಲ್ ಮಾಡಬೇಕು. ಒಂದು ಬಿಟ್ಟರೂ ರಿಸ್ಯೂಮ್ ಆದಮೇಲೆ ವರ್ಕ್ ಓಡುವುದೇ ಇಲ್ಲ, ಯಾವ ಎರರ್ ಕೂಡ ಬರುವುದಿಲ್ಲ.

### 4.3 ಇಂಟರಪ್ಟ್ ನಿಲ್ಲಿಸಿ

ಲೈನ್ ನಿಮ್ಮೊಬ್ಬರದೇ ಆಗಿದ್ದರೆ ಡಿಸೇಬಲ್_ಐಆರ್‌ಕ್ಯೂ ಕರೆಯಿರಿ. ಅದು ಓಡುತ್ತಿರುವ ಹ್ಯಾಂಡ್ಲರ್ ಮುಗಿಯುವವರೆಗೂ ಕಾಯುತ್ತದೆ. ಥ್ರೆಡೆಡ್ ಹ್ಯಾಂಡ್ಲರ್ (ಪ್ರತ್ಯೇಕ ಥ್ರೆಡ್‌ನಲ್ಲಿ ಓಡುವುದು) ಇದ್ದರೆ ಅದನ್ನೂ ಕಾಯುತ್ತದೆ. ಹಾಗಾಗಿ ಹ್ಯಾಂಡ್ಲರ್ ಹಿಡಿಯುವ ಲಾಕನ್ನು ನೀವು ಹಿಡಿದುಕೊಂಡು ಇದನ್ನು ಕರೆಯಬೇಡಿ. ಹ್ಯಾಂಡ್ಲರ್ ಒಳಗಿನಿಂದಲೂ ಕರೆಯಬೇಡಿ.

ಲೈನನ್ನು ಬೇರೆ ಡಿವೈಸ್ ಜೊತೆ ಹಂಚಿಕೊಂಡಿದ್ದರೆ ಡಿಸೇಬಲ್_ಐಆರ್‌ಕ್ಯೂ ಬೇಡವೇ ಬೇಡ. ಪಕ್ಕದವರ ಇಂಟರಪ್ಟೂ ನಿಂತುಹೋಗುತ್ತದೆ. ನಿಮ್ಮ ಚಿಪ್‌ನ ಮಾಸ್ಕ್ ರಿಜಿಸ್ಟರ್‌ನಲ್ಲಿ ಇಂಟರಪ್ಟ್ ಮುಚ್ಚಿ, ಸಿಂಕ್ರನೈಜ್_ಐಆರ್‌ಕ್ಯೂ ಕರೆದು, ಹ್ಯಾಂಡ್ಲರ್‌ನ ಮೊದಲ ಸಾಲಿನಲ್ಲೇ ಫ್ಲ್ಯಾಗ್ ನೋಡಿ ‘ನನ್ನದಲ್ಲ’ ಎಂದು ವಾಪಸ್ ಬನ್ನಿ.

ಈಗ ಕಷ್ಟದ ಭಾಗ. ನಮ್ಮ ಗೇಜ್ ಸಿಸ್ಟಂ ಎಬ್ಬಿಸಬೇಕು. ಅದಕ್ಕೆ ಡಿವೈಸ್_ಮೇ_ವೇಕಪ್ ನೋಡಿ, ಹೌದು ಅಂದರೆ ಎನೇಬಲ್_ಐಆರ್‌ಕ್ಯೂ_ವೇಕ್ ಕರೆಯಬೇಕು. ಇದರ ಜೊತೆಗೆ ಡಿಸೇಬಲ್_ಐಆರ್‌ಕ್ಯೂ ಕೂಡ ಕರೆದರೆ, ಮುಚ್ಚಿದ ಲೈನಿನಿಂದ ಸಿಸ್ಟಂ ಏಳುತ್ತದೋ ಇಲ್ಲವೋ ಎಂಬುದು ಇಂಟರಪ್ಟ್ ಕಂಟ್ರೋಲರ್ ಡ್ರೈವರ್ ಮೇಲೆ ನಿಂತಿದೆ. ನಿಮ್ಮ ಬೋರ್ಡ್‌ನಲ್ಲಿ ಎಬ್ಬಿಸಿ ನೋಡದೆ ಇದನ್ನು ನಂಬಬೇಡಿ.

ಲೈನ್ ತೆರೆದೇ ಇಡುವುದಾದರೆ ಹ್ಯಾಂಡ್ಲರ್ ಫ್ಲ್ಯಾಗ್ ನೋಡಿ, ಚಿಪ್ ಮುಟ್ಟದೆ, ‘ಒಂದು ಘಟನೆ ಬಾಕಿ ಇದೆ’ ಎಂದು ಗುರುತು ಮಾಡಿ, ಪಿಎಂ_ವೇಕಪ್_ಇವೆಂಟ್ ಕರೆದು ಹೊರಬರಬೇಕು. ಎಡ್ಜ್ ಇಂಟರಪ್ಟ್‌ಗೆ (ಲೈನ್ ಬದಲಾದ ಗಳಿಗೆಯಲ್ಲಿ ಒಮ್ಮೆ ಬರುವುದು) ಇದು ಸರಿ. ಲೆವೆಲ್ ಇಂಟರಪ್ಟ್‌ಗೆ (ಲೈನ್ ಸಕ್ರಿಯವಾಗಿರುವವರೆಗೂ ಬರುತ್ತಲೇ ಇರುವುದು) ಸರಿಯಲ್ಲ. ಚಿಪ್‌ನ ಸ್ಟೇಟಸ್ ಓದದೆ ಬಂದರೆ ಲೈನ್ ಸಕ್ರಿಯವಾಗೇ ಉಳಿಯುತ್ತದೆ, ಹ್ಯಾಂಡ್ಲರ್ ಬಿಡದೆ ಓಡುತ್ತಲೇ ಇರುತ್ತದೆ. ಲೆವೆಲ್ ಲೈನ್ ಇದ್ದವರು ಡಿಸೇಬಲ್ ಮತ್ತು ವೇಕ್ ಎರಡನ್ನೂ ಒಟ್ಟಿಗೆ ಬಳಸಿ, ಕಂಟ್ರೋಲರ್ ಅದನ್ನು ಬೆಂಬಲಿಸುತ್ತದೆ ಎಂದು ಖಚಿತ ಮಾಡಿಕೊಳ್ಳಿ.

### 4.4 ಟೈಮರ್ ನಿಲ್ಲಿಸಿ, ಆಮೇಲೆ ವರ್ಕ್

ಟೈಮರ್ ಇದ್ದರೆ ಟೈಮರ್_ಡಿಲೀಟ್_ಸಿಂಕ್. ಹಳೆಯ ಕರ್ನಲ್‌ಗಳಲ್ಲಿ ಇದರ ಹೆಸರು ಡೆಲ್_ಟೈಮರ್_ಸಿಂಕ್. ಟೈಮರ್ ವರ್ಕ್ ಹಾಕುತ್ತದೆ, ವರ್ಕ್ ಮತ್ತೆ ಟೈಮರ್ ಹಾಕುತ್ತದೆ ಎಂದಿದ್ದರೆ ಯಾವುದನ್ನು ಮೊದಲು ನಿಲ್ಲಿಸಿದರೂ ಇನ್ನೊಂದು ಅದನ್ನು ಎಬ್ಬಿಸುತ್ತದೆ. ಇಂಥಲ್ಲಿ 4.2ರ ಫ್ಲ್ಯಾಗ್ ಇಲ್ಲದೆ ದಾರಿಯೇ ಇಲ್ಲ.

ವರ್ಕ್‌ಗೆ ಕ್ಯಾನ್ಸಲ್_ವರ್ಕ್_ಸಿಂಕ್, ಡಿಲೇಡ್ ಆದರೆ ಕ್ಯಾನ್ಸಲ್_ಡಿಲೇಡ್_ವರ್ಕ್_ಸಿಂಕ್. ತನ್ನನ್ನು ತಾನೇ ಹಾಕಿಕೊಳ್ಳುವ ವರ್ಕನ್ನೂ ಇವು ಸರಿಯಾಗಿ ನಿಲ್ಲಿಸುತ್ತವೆ. ಸಿಂಕ್ ಇಲ್ಲದ ಆವೃತ್ತಿ ಬಳಸಬೇಡಿ. ಓಡುತ್ತಿರುವ ವರ್ಕನ್ನು ಅದು ಕಾಯುವುದಿಲ್ಲ. ಆ ವರ್ಕ್ ಅರ್ಧ ದಾರಿಯಲ್ಲಿರುವಾಗಲೇ ನೀವು ಪವರ್ ತೆಗೆದಿರುತ್ತೀರಿ.

ಕ್ಯಾನ್ಸಲ್ ಬೇಕೋ ಫ್ಲಶ್ ಬೇಕೋ? ಬಿಟ್ಟರೂ ನಡೆಯುವ ಕೆಲಸಕ್ಕೆ ಕ್ಯಾನ್ಸಲ್. ಹಾರ್ಡ್‌ವೇರ್‌ಗೆ ಬರೆಯಲೇಬೇಕಾದ ಕೆಲಸಕ್ಕೆ ಫ್ಲಶ್, ಅದೂ ಫ್ರೀಜಬಲ್ ಅಲ್ಲದ ಕ್ಯೂನಲ್ಲಿದ್ದರೆ ಮಾತ್ರ. ಇಡೀ ಸಿಸ್ಟಂ ಕ್ಯೂವನ್ನು ಫ್ಲಶ್ ಮಾಡುವ ಹಳೆಯ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ಬೇರೆಯವರ ವರ್ಕ್‌ಗೆಲ್ಲ ಕಾಯುತ್ತಾ ಕೂರಬೇಕಾಗುತ್ತದೆ.

ಎಲ್ಲರೂ ಮಾಡುವ ತಪ್ಪು: ಸಸ್ಪೆಂಡ್ ಫಂಕ್ಷನ್ ಶುರುವಿನಲ್ಲೇ ಡ್ರೈವರ್‌ನ ಮ್ಯೂಟೆಕ್ಸ್ ಹಿಡಿದು, ಅದರೊಳಗೆ ಸಿಂಕ್ ಕ್ಯಾನ್ಸಲ್ ಕರೆಯುವುದು. ವರ್ಕ್ ಅದೇ ಮ್ಯೂಟೆಕ್ಸ್‌ಗೆ ಕಾಯುತ್ತದೆ, ನೀವು ವರ್ಕ್ ಮುಗಿಯಲಿ ಎಂದು ಕಾಯುತ್ತೀರಿ. ವರ್ಕ್ ಆ ಗಳಿಗೆಯಲ್ಲಿ ಓಡುತ್ತಿದ್ದರೆ ಮಾತ್ರ ಇದು ಕಾಣುವುದರಿಂದ ಟೇಬಲ್ ಮೇಲಿನ ಪರೀಕ್ಷೆಯಲ್ಲಿ ಸಿಗದೆ ಗ್ರಾಹಕರ ಕೈಯಲ್ಲಿ ಸಿಗುತ್ತದೆ. ಲಾಕ್‌ಡೆಪ್ ಆನ್ ಇದ್ದರೆ ನಿಜವಾಗಿ ಸಿಕ್ಕಿಕೊಳ್ಳುವ ಮುಂಚೆಯೇ ಎಚ್ಚರಿಕೆ ಕೊಡುತ್ತದೆ. ಮೇಲೆ ಪ್ರೂವ್_ಲಾಕಿಂಗ್ ಹಾಕಿ ಎಂದು ಹೇಳಿದ್ದು ಇದಕ್ಕೇ.

### 4.5 ಕೊನೆಗೆ ಹಾರ್ಡ್‌ವೇರ್

ಈಗ ಚಿಪ್ ಮುಟ್ಟುವವರು ನೀವೊಬ್ಬರೇ. ಬೇಕಾದ ರಿಜಿಸ್ಟರ್ ಉಳಿಸಿಕೊಂಡು, ಲೋ ಪವರ್ ಮೋಡ್‌ಗೆ ಹಾಕಿ, ಕ್ಲಾಕ್ ಮತ್ತು ರೆಗ್ಯುಲೇಟರ್ ಆಫ್ ಮಾಡಿ. ರೆಗ್‌ಮ್ಯಾಪ್ ಕ್ಯಾಶ್ (ರಿಜಿಸ್ಟರ್ ಬೆಲೆಗಳ ಪ್ರತಿಯನ್ನು ಮೆಮೊರಿಯಲ್ಲಿ ಇಡುವ ಕರ್ನಲ್ ಸೌಲಭ್ಯ) ಬಳಸುತ್ತಿದ್ದರೆ ಕ್ಯಾಶ್ ಓನ್ಲಿ ಮೋಡ್ ಆನ್ ಮಾಡಿ. ಪವರ್ ಹೋಗುವುದಾದರೆ ಕ್ಯಾಶನ್ನು ಡರ್ಟಿ (ಚಿಪ್‌ಗೆ ಮತ್ತೆ ಬರೆಯಬೇಕಾದದ್ದು) ಎಂದು ಗುರುತಿಸಿ.

### 4.6 ಎರರ್ ಬಂದರೆ ನೀವೇ ಹಿಂದಕ್ಕೆ ತಿರುಗಿಸಿ

ನಿಮ್ಮ ಸಸ್ಪೆಂಡ್ ಕಾಲ್‌ಬ್ಯಾಕ್ ಎರರ್ ವಾಪಸ್ ಕೊಟ್ಟರೆ ಕರ್ನಲ್ ಸಸ್ಪೆಂಡ್ ರದ್ದು ಮಾಡಿ, ಅಲ್ಲಿಯವರೆಗೆ ಮಲಗಿದ್ದ ಉಳಿದ ಡಿವೈಸ್‌ಗಳನ್ನು ಎಬ್ಬಿಸುತ್ತದೆ. ನಿಮ್ಮ ರಿಸ್ಯೂಮ್ ಕರೆಯುವುದಿಲ್ಲ. ಅಂದರೆ ಅರ್ಧಕ್ಕೆ ನಿಲ್ಲಿಸಿದ ಇಂಟರಪ್ಟ್, ಡಿಸೇಬಲ್ ಆದ ವರ್ಕ್, ಎತ್ತಿದ ಫ್ಲ್ಯಾಗ್ ಎಲ್ಲ ಹಾಗೇ ಉಳಿಯುತ್ತವೆ. ಸಿಸ್ಟಂ ಎಚ್ಚರವಾಗಿರುತ್ತದೆ, ನಿಮ್ಮ ಡಿವೈಸ್ ಮಾತ್ರ ಮೌನ. ಎರರ್ ದಾರಿಯಲ್ಲಿ ಅಲ್ಲಿಯವರೆಗೆ ಮಾಡಿದ್ದನ್ನೆಲ್ಲ ಹಂತ 5ರ ಕ್ರಮದಲ್ಲೇ ಬಿಚ್ಚುವ ಕೋಡ್ ಇರಲೇಬೇಕು: ಫ್ಲ್ಯಾಗ್ ಮತ್ತು ವರ್ಕ್ ಮೊದಲು, ಇಂಟರಪ್ಟ್ ಆಮೇಲೆ.

## ಹಂತ 5: ರಿಸ್ಯೂಮ್, ಇದೇ ಕ್ರಮ ತಿರುಗಿಸಿ

1. ರೆಗ್ಯುಲೇಟರ್, ಕ್ಲಾಕ್ ಆನ್ ಮಾಡಿ. ಡೇಟಾಶೀಟ್ ಹೇಳಿದಷ್ಟು ಹೊತ್ತು ಕಾಯಿರಿ.
2. ರಿಜಿಸ್ಟರ್‌ಗಳನ್ನು ಮತ್ತೆ ಬರೆಯಿರಿ. ರೆಗ್‌ಮ್ಯಾಪ್ ಆದರೆ ಕ್ಯಾಶ್ ಓನ್ಲಿ ತೆಗೆದು ರೆಗ್‌ಕ್ಯಾಶ್_ಸಿಂಕ್ ಕರೆಯಿರಿ.
3. ಲಾಕ್ ಹಿಡಿದು ಫ್ಲ್ಯಾಗ್ ಇಳಿಸಿ. ವರ್ಕ್ ಡಿಸೇಬಲ್ ಮಾಡಿದ್ದರೆ ಎನೇಬಲ್ ಮಾಡಿ.
4. ವೇಕ್ ತೆಗೆಯಿರಿ, ಇಂಟರಪ್ಟ್ ತೆರೆಯಿರಿ.
5. ಪೋಲಿಂಗ್ ವರ್ಕನ್ನು ತಡವಿಲ್ಲದೆ ಒಂದು ಸಲ ಹಾಕಿ.

ಮೂರು ಮತ್ತು ನಾಲ್ಕು ಅದಲುಬದಲಾದರೆ ಏನಾಗುತ್ತದೆ? ಇಂಟರಪ್ಟ್ ತೆರೆದ ಕೂಡಲೇ ಬಾಕಿ ಇದ್ದದ್ದು ಬರುತ್ತದೆ. ಹ್ಯಾಂಡ್ಲರ್ ಫ್ಲ್ಯಾಗ್ ನೋಡಿ ‘ಇನ್ನೂ ಮಲಗಿದ್ದೇವೆ’ ಎಂದು ಬಿಟ್ಟುಬಿಡುತ್ತದೆ. ಎಡ್ಜ್ ಇಂಟರಪ್ಟ್ ಆದರೆ ಅದು ಮತ್ತೆ ಬರುವುದಿಲ್ಲ.

ಐದನೆಯದನ್ನು ಬಿಡಬೇಡಿ. ಮಲಗಿದ್ದಾಗ ಚಾರ್ಜರ್ ತೆಗೆದಿರಬಹುದು, ಹಾಕಿರಬಹುದು, ಆ ಇಂಟರಪ್ಟ್ ತಪ್ಪಿಹೋಗಿರಬಹುದು. ಜೊತೆಗೆ ಡಿಲೇಡ್ ವರ್ಕ್‌ನ ಸಮಯ ಜಿಫೀಸ್‌ನಲ್ಲಿ (ಕರ್ನಲ್ ಗಡಿಯಾರದ ಟಿಕ್‌ಗಳಲ್ಲಿ) ಎಣಿಕೆಯಾಗುತ್ತದೆ. ಮಲಗಿದ್ದ ಹೊತ್ತು ಅದರ ಲೆಕ್ಕಕ್ಕೆ ಸೇರುವುದಿಲ್ಲ. ಹತ್ತು ನಿಮಿಷದ ವರ್ಕ್ ಹಾಕಿ ರಾತ್ರಿಯಿಡೀ ಮಲಗಿಸಿದರೆ ಬೆಳಿಗ್ಗೆ ಎದ್ದಮೇಲೂ ಉಳಿದ ನಿಮಿಷಗಳನ್ನು ಕಾಯುತ್ತದೆ. ನಿಜವಾಗಿ ಎಷ್ಟು ಹೊತ್ತು ಕಳೆದಿದೆ ಎಂದು ಬೇಕಿದ್ದರೆ ಕೆಟೈಮ್_ಗೆಟ್_ಬೂಟ್‌ಟೈಮ್ ಬಳಸಿ.

ರಿಸ್ಯೂಮ್‌ನಲ್ಲಿ ಮಾಡಬಾರದ್ದು ಕೆಲವು ಇವೆ. ಫೈಲ್ ಸಿಸ್ಟಮ್‌ನಿಂದ ಫರ್ಮ್‌ವೇರ್ ಓದಲು ಹೋಗಬೇಡಿ. ಆ ಡಿಸ್ಕ್ ಇನ್ನೂ ಎದ್ದಿರದೇ ಇರಬಹುದು. ಫರ್ಮ್‌ವೇರನ್ನು ಸಸ್ಪೆಂಡ್‌ಗೆ ಮುಂಚೆಯೇ ಮೆಮೊರಿಯಲ್ಲಿ ಇಟ್ಟುಕೊಳ್ಳಿ. ಉದ್ದದ ನಿದ್ದೆ, ಉದ್ದದ ಪೋಲಿಂಗ್ ಬೇಡ. ಎಲ್ಲರ ಎಚ್ಚರವೂ ನಿಮ್ಮಿಂದ ತಡವಾಗುತ್ತದೆ. ತಡ ಆಗುವ ಇನಿಷಿಯಲೈಸೇಶನ್ ಇದ್ದರೆ ಅದನ್ನೇ ಒಂದು ವರ್ಕ್‌ಗೆ ತಳ್ಳಿ.

ಡಿಫೈನ್_ಸಿಂಪಲ್_ಡೆವ್_ಪಿಎಂ_ಆಪ್ಸ್ ಮ್ಯಾಕ್ರೋ ಬಳಸಿದ್ದರೆ ನಿಮ್ಮ ಇದೇ ಎರಡು ಫಂಕ್ಷನ್ ಹೈಬರ್ನೇಶನ್‌ಗೂ (ಮೆಮೊರಿಯನ್ನು ಡಿಸ್ಕಿಗೆ ಬರೆದು ಆಫ್ ಆಗುವುದು) ಓಡುತ್ತವೆ. ಹೈಬರ್ನೇಶನ್‌ನಿಂದ ಎದ್ದಾಗ ಚಿಪ್ ಯಾವ ಸ್ಥಿತಿಯಲ್ಲಿದೆ ಎಂದು ಊಹಿಸಬೇಡಿ. ನಡುವೆ ಇನ್ನೊಂದು ಕರ್ನಲ್ ಬೂಟ್ ಆಗಿ ಅದನ್ನು ಮುಟ್ಟಿರಬಹುದು.

## ಹಂತ 6: ಮಲಗುವ ಮುಂಚೆ ಮುಗಿಯಲೇಬೇಕಾದ ವರ್ಕ್

ಬ್ಯಾಟರಿ ತೀರಾ ಇಳಿದಿದೆ ಎಂಬ ಇಂಟರಪ್ಟ್ ಬಂತು. ಅದರ ವರ್ಕ್ ಓಡುವ ಮುಂಚೆ ಸಸ್ಪೆಂಡ್ ಶುರುವಾಯಿತು. ಇಲ್ಲಿ ಕ್ಯಾನ್ಸಲ್ ಮಾಡಿದರೆ ತಪ್ಪಾಗುತ್ತದೆ. ಸಸ್ಪೆಂಡನ್ನೇ ತಡೆಯಬೇಕು.

ಹ್ಯಾಂಡ್ಲರ್‌ನಲ್ಲಿ ಪಿಎಂ_ಸ್ಟೇ_ಅವೇಕ್ ಕರೆಯಿರಿ, ವರ್ಕ್ ಕೊನೆಯಲ್ಲಿ ಪಿಎಂ_ರಿಲ್ಯಾಕ್ಸ್. ಇದು ಕೆಲಸ ಮಾಡಬೇಕಾದರೆ ಪ್ರೋಬ್‌ನಲ್ಲಿ (ಡಿವೈಸ್ ಸಿಕ್ಕಾಗ ಮೊದಲು ಓಡುವ ಫಂಕ್ಷನ್) ಡಿವೈಸ್_ಇನಿಟ್_ವೇಕಪ್ ಆಗಿರಬೇಕು. ಸಸ್ಪೆಂಡ್ ಫಂಕ್ಷನ್‌ನಲ್ಲೂ ಒಂದು ಪರೀಕ್ಷೆ ಇರಲಿ: ಈ ವರ್ಕ್ ಬಾಕಿ ಇದ್ದರೆ ಇಬಿಝಿ (‘ಕೆಲಸದಲ್ಲಿದ್ದೇನೆ’) ಎರರ್ ಕೊಟ್ಟು ವಾಪಸ್ ಬನ್ನಿ, 4.6ನ್ನು ನೆನಪಿಟ್ಟುಕೊಂಡು.

ವರ್ಕ್‌ನ ಪ್ರತಿ ದಾರಿಯಲ್ಲೂ ರಿಲ್ಯಾಕ್ಸ್ ಆಗಬೇಕು, ಎರರ್ ಬಂದು ಮಧ್ಯದಲ್ಲೇ ಹೊರಬರುವ ದಾರಿಯಲ್ಲೂ. ವರ್ಕ್ ಕ್ಯಾನ್ಸಲ್ ಆದರೆ ಕ್ಯಾನ್ಸಲ್ ಮಾಡಿದವರೇ ರಿಲ್ಯಾಕ್ಸ್ ಕರೆಯಬೇಕು. ಒಂದು ತಪ್ಪಿದರೆ ಫೋನು ಮಲಗುವುದೇ ಇಲ್ಲ, ಬ್ಯಾಟರಿ ಖಾಲಿಯಾಗುತ್ತದೆ. ಡೀಬಗ್‌ಎಫ್ಎಸ್‌ನ (ಕರ್ನಲ್‌ನ ಡೀಬಗ್ ಮಾಹಿತಿ ಫೈಲ್‌ಗಳ ಜಾಗ) ವೇಕಪ್_ಸೋರ್ಸಸ್ ಫೈಲಿನಲ್ಲಿ ಆಕ್ಟಿವ್_ಸಿನ್ಸ್ ಕಾಲಂ ನೋಡಿ. ನಿಮ್ಮ ಡಿವೈಸ್ ಎದುರು ಬೆಳೆಯುತ್ತಲೇ ಇರುವ ಸಂಖ್ಯೆ ಕಂಡರೆ ರಿಲ್ಯಾಕ್ಸ್ ತಪ್ಪಿದೆ.

## ಹಂತ 7: ಅಪಾಯದ ಸೂಚನೆಗಳನ್ನು ಓದಿ

ಲಾಗ್‌ನಲ್ಲಿ ಇವು ಕಂಡರೆ ಎಲ್ಲಿ ನೋಡಬೇಕು ಎಂದು ಹೇಳುತ್ತೇನೆ.

‘ಟ್ರಾನ್ಸ್‌ಫರ್ ವೈಲ್ ಸಸ್ಪೆಂಡೆಡ್’: ಐ2ಸಿ ಕಂಟ್ರೋಲರ್ ಮಲಗಿದ ಮೇಲೂ ಯಾರೋ ಬಸ್ ಬಳಸಿದ್ದಾರೆ. ಜೊತೆಗೆ ಬರುವ ಸ್ಟ್ಯಾಕ್‌ನಲ್ಲಿ ನಿಮ್ಮ ವರ್ಕ್ ಅಥವಾ ಥ್ರೆಡೆಡ್ ಹ್ಯಾಂಡ್ಲರ್ ಹೆಸರು ಇದೆಯೇ ನೋಡಿ. ಇದ್ದರೆ ಹಂತ 2ರ ಹಾಳೆಯಲ್ಲಿ ಒಂದು ಮೂಲ ಬಿಟ್ಟುಹೋಗಿದೆ.

‘ಅನ್‌ಬ್ಯಾಲೆನ್ಸ್ಡ್ ಎನೇಬಲ್ ಫಾರ್ ಐಆರ್‌ಕ್ಯೂ’: ಡಿಸೇಬಲ್ ಮಾಡದ ಇಂಟರಪ್ಟನ್ನು ಎನೇಬಲ್ ಮಾಡಿದ್ದೀರಿ. ಎರರ್ ದಾರಿಯಲ್ಲಿ ಎರಡು ಸಲ ಬಿಚ್ಚಿರುವ ಸಾಧ್ಯತೆ ಜಾಸ್ತಿ.

ರನ್‌ಟೈಮ್ ಪಿಎಂ ಕರೆಯಿಂದ ಮೈನಸ್ 13 ಎರರ್: ಸಸ್ಪೆಂಡ್ ಲೇಟ್ ಹಂತದಲ್ಲಿ ಕರ್ನಲ್ ರನ್‌ಟೈಮ್ ಪಿಎಂ ನಿಲ್ಲಿಸುತ್ತದೆ. ಅದಾದ ಮೇಲೆ ನಿಮ್ಮ ವರ್ಕ್ ಓಡಿದೆ.

ಸಸ್ಪೆಂಡ್ ವಿಫಲ, ಮೈನಸ್ 16: ಯಾರೋ ಇಬಿಝಿ ಕೊಟ್ಟಿದ್ದಾರೆ. ಸಿಸ್ಎಫ್ಎಸ್‌ನ ಪವರ್ ಡೈರೆಕ್ಟರಿಯಲ್ಲಿ ಸಸ್ಪೆಂಡ್_ಸ್ಟ್ಯಾಟ್ಸ್ ಒಳಗೆ ಕೊನೆಗೆ ಸೋತ ಡಿವೈಸ್ ಮತ್ತು ಹಂತದ ಹೆಸರು ಸಿಗುತ್ತದೆ.

ಏನೂ ಲಾಗ್ ಇಲ್ಲದೆ ಹ್ಯಾಂಗ್: ಮ್ಯೂಟೆಕ್ಸ್ ಹಿಡಿದು ಕ್ಯಾನ್ಸಲ್, ಇಲ್ಲವೇ ಫ್ರೀಜ್ ಆದ ಕ್ಯೂ ಮೇಲೆ ಫ್ಲಶ್. ಮೊದಲು ಈ ಎರಡನ್ನೇ ನೋಡಿ. ಡಿಪಿಎಂ ವಾಚ್‌ಡಾಗ್ ಸ್ಟ್ಯಾಕ್ ಕೊಟ್ಟರೆ ಅರ್ಧ ಕೆಲಸ ಮುಗಿದಂತೆ.

## ಹಂತ 8: ಪರೀಕ್ಷೆ

ಒಂದೇ ಸಲ ಪೂರ್ತಿ ಸಸ್ಪೆಂಡ್ ಮಾಡಿ ನೋಡಬೇಡಿ. ಸಿಸ್ಎಫ್ಎಸ್‌ನ ಪವರ್ ಡೈರೆಕ್ಟರಿಯಲ್ಲಿ ಪಿಎಂ_ಟೆಸ್ಟ್ ಎಂಬ ಫೈಲ್ ಇದೆ. ಅದಕ್ಕೆ ಫ್ರೀಜರ್, ಡಿವೈಸಸ್, ಪ್ಲಾಟ್‌ಫಾರ್ಮ್, ಪ್ರೊಸೆಸರ್ಸ್, ಕೋರ್ ಎಂದು ಬರೆದು ಸಸ್ಪೆಂಡ್ ಮಾಡಿದರೆ ಅಷ್ಟು ಹಂತದವರೆಗೆ ಮಾತ್ರ ಹೋಗಿ, ಡಿಫಾಲ್ಟ್ ಆಗಿ 5 ಸೆಕೆಂಡ್ ನಿಂತು, ವಾಪಸ್ ಬರುತ್ತದೆ.

ಫ್ರೀಜರ್‌ನಲ್ಲಿ ಸೋತರೆ ತೊಂದರೆ ಹಂತ 3ರಲ್ಲಿದೆ. ಡಿವೈಸಸ್‌ನಲ್ಲಿ ಸೋತರೆ ಹಂತ 4ರಲ್ಲಿ. ಡಿವೈಸಸ್ ಪಾಸಾಗಿ ಪ್ಲಾಟ್‌ಫಾರ್ಮ್‌ನಲ್ಲಿ ಸೋತರೆ ಲೇಟ್ ಅಥವಾ ನೋಐಆರ್‌ಕ್ಯೂ ಹಂತ ನೋಡಿ. ಆ ಎರಡು ಹಂತಗಳು ಡಿವೈಸಸ್ ಪರೀಕ್ಷೆಯಲ್ಲಿ ಓಡುವುದೇ ಇಲ್ಲ. ‘ಡಿವೈಸಸ್ ಪಾಸಾಯಿತು, ಡ್ರೈವರ್ ಸರಿ ಇದೆ’ ಎಂದು ಅಲ್ಲಿಗೇ ನಿಲ್ಲಿಸುವವರು ಬಹಳ.

ಇಷ್ಟಾದ ಮೇಲೆ ಆರ್‌ಟಿಸಿವೇಕ್ ಲೂಪ್. ಡಿವೈಸ್ ಸುಮ್ಮನಿರುವಾಗ ನೂರು ಸಲ ಮಲಗಿಸಿ ಎಬ್ಬಿಸಿದರೂ ಏನೂ ಗೊತ್ತಾಗುವುದಿಲ್ಲ. ಇಂಟರಪ್ಟ್ ಬರುತ್ತಿರುವಾಗ ಮಲಗಿಸಿ. ನಮ್ಮ ಗೇಜ್‌ಗಾದರೆ ಪರೀಕ್ಷೆಯ ಹೊತ್ತಿಗೆ ಪೋಲಿಂಗ್ ಅಂತರವನ್ನು ಕೆಲವು ಮಿಲಿಸೆಕೆಂಡಿಗೆ ಇಳಿಸಿ, ಚಾರ್ಜರ್ ಹಾಕಿ ತೆಗೆಯುತ್ತಾ ಮಲಗಿಸಿ. ವರ್ಕ್ ಒಳಗೆ ಬೇಕೆಂದೇ ಒಂದು ತಡ ಸೇರಿಸಿ ನೋಡಿ. 4.4ರ ಡೆಡ್‌ಲಾಕ್ ಇದ್ದರೆ ಮೊದಲ ಕೆಲವು ಸಲದಲ್ಲೇ ಹೊರಬರುತ್ತದೆ. ಎರರ್ ದಾರಿ ನೋಡಲು ಸಸ್ಪೆಂಡ್ ಫಂಕ್ಷನ್ ಕೊನೆಯಲ್ಲಿ ತಾತ್ಕಾಲಿಕವಾಗಿ ಇಬಿಝಿ ವಾಪಸ್ ಕೊಡಿಸಿ, ಆಮೇಲೂ ಡಿವೈಸ್ ಕೆಲಸ ಮಾಡುತ್ತದೆಯೇ ಪರೀಕ್ಷಿಸಿ.

ಫಲಿತಾಂಶ ಒಮ್ಮೆ ಹೀಗೆ ಒಮ್ಮೆ ಹಾಗೆ ಬಂದರೆ ಅದೇ ಡೈರೆಕ್ಟರಿಯ ಪಿಎಂ_ಅಸಿಂಕ್‌ಗೆ ಸೊನ್ನೆ ಬರೆಯಿರಿ. ಡಿವೈಸ್‌ಗಳು ಒಂದರ ಹಿಂದೆ ಒಂದು ಮಲಗುತ್ತವೆ. ಆಗ ತೊಂದರೆ ಮಾಯವಾದರೆ ಬಹುಶಃ ನೀವು ನಂಬಿರುವ ಇನ್ನೊಂದು ಡಿವೈಸ್ ನಿಮಗಿಂತ ಮೊದಲೇ ಮಲಗುತ್ತಿದೆ, ಆ ಸಂಬಂಧ ಕರ್ನಲ್‌ಗೆ ಗೊತ್ತಿಲ್ಲ. ಡಿವೈಸ್ ಲಿಂಕ್ ಸೇರಿಸಿ ಅದನ್ನು ತಿಳಿಸಿ. ಪಿಎಂ_ಅಸಿಂಕನ್ನು ಸೊನ್ನೆಯಲ್ಲೇ ಬಿಟ್ಟು ಪ್ರಾಡಕ್ಟ್ ಕಳಿಸುವುದು ಪರಿಹಾರ ಅಲ್ಲ.

ಪರೀಕ್ಷೆ ಮುಗಿದ ಮೇಲೆ ವರ್ಕ್ ಒಳಗೆ ಸೇರಿಸಿದ ತಡ ಮತ್ತು ತಾತ್ಕಾಲಿಕ ಇಬಿಝಿ ತೆಗೆಯಿರಿ, ಪಿಎಂ_ಅಸಿಂಕ್‌ಗೆ ಮತ್ತೆ 1 ಬರೆಯಿರಿ, ಪಿಎಂ_ಟೆಸ್ಟ್‌ಗೆ ‘ನನ್’ ಬರೆಯಿರಿ. ಈ ಕೊನೆಯದು ಬಿಟ್ಟುಹೋದರೆ ಬೋರ್ಡ್ 5 ಸೆಕೆಂಡ್ ನಿಂತು ವಾಪಸ್ ಬರುತ್ತಲೇ ಇರುತ್ತದೆ, ನಿಜವಾಗಿ ಒಮ್ಮೆಯೂ ಮಲಗುವುದಿಲ್ಲ.